ಕಿಸೆಯಲ್ಲಿದ್ದ ಫ್ಯೂಸು

ನನ್ನ ಗಂಡ ಟಿ.ವಿ.ಯೊಳಗೆ ಕೂತಿದ್ದ ಕರೆಂಟನ್ನು ಬಿಡಿಸದೆ ಕೈ ಹಾಕಿದರು, ತಮ್ಮ ಅಜಾಗರೂಕತೆಯಿಂದ ತಾವೇ ಹೊಡೆಸಿಕೊಂಡರು ಎಂಬ ಮಾತು ಸುಳ್ಳು. ಆ ಸುಳ್ಳನ್ನು ಕಟ್ಟಿದ್ದು ಬಳಗಾನೂರಿನಾಚೆ ಕಾಲುವೆ ದಂಡೆಯ ಊರೊಂದರ ಒಂದು ಮನೆ. ಅದನ್ನು ಹೊತ್ತು ತಿರುಗಿದ್ದು ಮಸ್ಕಿಯ ಪೇಟೆ. ಕೊನೆಗೆ ಅದನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದು ನನ್ನ ಗಂಡ. ಮೊದಲಿನ ಎರಡನ್ನು ಸಹಿಸಿಕೊಳ್ಳುತ್ತಿದ್ದೆನೇನೋ. ಮೂರನೆಯದನ್ನು ಸಹಿಸಲಾರದೆ ಇದನ್ನು ಬರೆಯುತ್ತಿದ್ದೇನೆ.

ನಾನು ಮಸ್ಕಿಯಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದವಳು. ನಮ್ಮವರು ಸಿಂಧನೂರಿನಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ರೇಡಿಯೋ ಕೆಲಸ ಕಲಿತು, ಎಂಬತ್ತರ ದಶಕದ ಆರಂಭದಲ್ಲಿ ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಅಂಗಡಿ ಹಾಕಿದರು. ಮೊದಲು ರೇಡಿಯೋ, ಆಮೇಲೆ ಟೇಪ್ ರಿಕಾರ್ಡರು, ಊರಿಗೆ ಟಿ.ವಿ. ಬಂದ ಮೇಲೆ ಟಿ.ವಿ. ಉಸ್ತಾದರು ಹೇಳಿದ್ದೆಂದು ಅವರು ಒಂದು ಮಾತನ್ನು ಆಗಾಗ ಹೇಳುತ್ತಿದ್ದರು: “ಕರೆಂಟಿಗೆ ಕಣ್ಣಿಲ್ಲ ಬೇಟಾ. ಅದರ ಪಾಲಿಂದೂ ಸೇರಿಸಿ ನೀನೇ ನೋಡಬೇಕು.”

ಅವರು ನೋಡುತ್ತಿದ್ದರು. ಹೇಗೆ ನೋಡುತ್ತಿದ್ದರೆಂಬುದನ್ನು ಇಲ್ಲಿ ವಿವರವಾಗಿ ಹೇಳಲೇಬೇಕು, ಏಕೆಂದರೆ ನನ್ನ ದೂರೆಲ್ಲ ನಿಂತಿರುವುದು ಅದರ ಮೇಲೆ. ಕಾಲಿಗೆ ರಬ್ಬರ್ ಚಪ್ಪಲಿ, ಚಪ್ಪಲಿಯ ಕೆಳಗೆ ಒಂದು ಹಲಗೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಚುಚ್ಚಿ, ಅದರ ಸಣ್ಣ ದೀಪ ಹೊತ್ತುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಇಲ್ಲದ ಕಡೆ ಚುಚ್ಚುವುದು. ಟಿ.ವಿ.ಯ ಹಿಂಬದಿಯ ಮುಚ್ಚಳ ತೆಗೆದರೆ, ಮೊದಲು ತಂತಿ ಸುತ್ತಿದ ಸ್ಕ್ರೂಡ್ರೈವರಿನಿಂದ ಗಾಜಿನ ಟ್ಯೂಬಿನೊಳಗೆ ಉಳಿದ ಕರೆಂಟನ್ನು ನೆಲಕ್ಕಿಳಿಸುವುದು. ಅದು ಇಳಿಯುವಾಗ ಟಪ್ ಎಂದು ಕೇಳುವ ಸದ್ದು ನಮ್ಮ ಮನೆಯ ಸದ್ದುಗಳಲ್ಲಿ ಒಂದಾಗಿತ್ತು. ಬಿಚ್ಚಿದ ಸ್ಕ್ರೂಗಳನ್ನು ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಅಂಟಿಸಿಡುವುದು. ನೆಲದ ಮೇಲೆ ಒಂದನ್ನೂ ಇಡುವಂತಿಲ್ಲ. ಕರೆಂಟಿರುವ ಕೆಲಸವಿರಲಿ, ಇಲ್ಲದ ಕೆಲಸವಿರಲಿ, ಬಲಗೈ ಒಂದೇ ಮುಂದೆ. ಎಡಗೈ ಬೆನ್ನ ಹಿಂದೆ. ಅಂಗಡಿಗೆ ಬಂದವರು ನಗುತ್ತಿದ್ದರು. “ಏನ್ ಮಾಸ್ತರ, ಎಡಗೈ ಅಡವ ಇಟ್ಟೀರೇನು?”

ಇಷ್ಟಕ್ಕೇ ಬಿಡುತ್ತಿರಲಿಲ್ಲ. ನಮ್ಮ ಕಡೆ ವೋಲ್ಟೇಜು ಏರಿಳಿಯುತ್ತಿದ್ದುದರಿಂದ ಟಿ.ವಿ. ಇದ್ದವರ ಮನೆಯಲ್ಲೆಲ್ಲ ಕಬ್ಬಿಣದ ಡಬ್ಬಿಯ ಸ್ಟೆಬಿಲೈಜರ್ ಇರುತ್ತಿತ್ತು. ರಿಪೇರಿಯಾದ ಸೆಟ್ಟನ್ನು ಮುಟ್ಟಿಸಲು ಹೋದರೆ, ಆ ಡಬ್ಬಿ ಕೂರುವ ಪ್ಲಗ್ಗಿನ ಬೋರ್ಡನ್ನು ಬಿಚ್ಚಿ, ಮೇಲಿನ ದೊಡ್ಡ ತೂತಿಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ತಂತಿ ನಿಜವಾಗಿಯೂ ಬಂದಿದೆಯೇ ಎಂದು ನೋಡದೆ ಸೆಟ್ಟು ಒಪ್ಪಿಸುತ್ತಿರಲಿಲ್ಲ. ಅನೇಕ ಮನೆಗಳಲ್ಲಿ ಆ ತೂತು ಬರೀ ತೂತು. ಹಿಂದೆ ಏನೂ ಇಲ್ಲ. ಇದ್ದಲ್ಲಿಯೂ ಬೇಸಿಗೆಗೆ ಎರೆನೆಲ ಬಿರಿದು ಅರ್ಥಿಂಗಿನ ಗುಂಡಿ ಒಣಗಿರುತ್ತಿತ್ತು. ಒಂದು ಕೊಡ ನೀರು ಹಾಕಿಸಿಯೇ ಬರುತ್ತಿದ್ದರು. “ಟಿ.ವಿ. ರಿಪೇರಿ ಮಾಡಪಾ ಅಂದ್ರ ಮನೀನ ರಿಪೇರಿ ಮಾಡಾಕ ನಿಂತಾನ” ಎಂದು ಬೆನ್ನ ಹಿಂದೆ ಆಡಿದವರು ಯಾರೆಂದು ನನಗೆ ಗೊತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆಂದು ಅವರು ಭಾವಿಸಬೇಕಾಗಿಲ್ಲ.

ಬೋರ್ಡು ಬಿಚ್ಚುವ ಮುಂಚೆ ಎರಡು ಕೆಲಸ. ಮನೆಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಕೇಳುವಂತೆ ಒಂದು ಪ್ರಶ್ನೆ: “ಮನ್ಯಾಗ ಮತ್ತೊಂದು ಕರೆಂಟ್ ಐತೇನ್ರಿ?” ಈ ಪ್ರಶ್ನೆಯ ಅರ್ಥ ಹೊರಗಿನವರಿಗೆ ಆಗಲಿಕ್ಕಿಲ್ಲ. ಆಗ ಕಾಲುವೆ ಸೀಮೆಯ ಹಳ್ಳಿಗಳಲ್ಲಿ ಊರ ದೀಪದ ಲೈನು ಬೇರೆ, ಹೊಲದ ಮೋಟರುಗಳ ಲೈನು ಬೇರೆ. ಇದು ಹೋದಾಗ ಅದು, ಅದು ಹೋದಾಗ ಇದು. ಟಿ.ವಿ. ಬಂದ ಮೇಲೆ, ನೋಡುತ್ತಿದ್ದ ಧಾರಾವಾಹಿ ನಡುವೆ ನಿಲ್ಲಬಾರದೆಂದು, ಮೋಟರಿನ ಲೈನಿಗೂ ಕೊಕ್ಕೆ ಹಾಕಿ ಕದ್ದು ತಂದ ತಂತಿಯನ್ನು ಬೆಳಕಿಂಡಿಯಿಂದ ಇಳಿಸಿಕೊಂಡ ಮನೆಗಳಿದ್ದವು. ಒಳಕೋಣೆಯಲ್ಲಿ ಒಂದು ಸ್ವಿಚ್ಚು. ಮೇಲಕ್ಕೆ ಎತ್ತಿದರೆ ಊರ ಕರೆಂಟು, ಕೆಳಕ್ಕೆ ಒತ್ತಿದರೆ ಮೋಟರಿನದು, ಅದಕ್ಕೆ ಮೀಟರೂ ಇಲ್ಲ, ಫ್ಯೂಸೂ ಇಲ್ಲ. ಫ್ಯಾನು ನಿಂತರೆ ಹತ್ತಿರವಿದ್ದವರ ಕೈ ತಾನಾಗಿ ಆ ಸ್ವಿಚ್ಚಿಗೆ ಹೋಗುವಷ್ಟು ಅದು ರೂಢಿಯಾಗಿತ್ತು. ಇದನ್ನು ಬಲ್ಲವರಾದ್ದರಿಂದ ಅವರು ಕೇಳುತ್ತಿದ್ದರು. ಇಲ್ಲವೆಂದರೆ ಎರಡನೆಯ ಕೆಲಸ: ಮೀಟರಿನ ಬಳಿಯ ಪಿಂಗಾಣಿ ಫ್ಯೂಸನ್ನು ಕಿತ್ತು ತಮ್ಮ ಅಂಗಿಯ ಕಿಸೆಗೆ ಹಾಕಿಕೊಳ್ಳುವುದು. ಯಾರೂ ಅರಿಯದೆ ಮರಳಿ ಹಾಕಬಾರದಲ್ಲ. ಕೆಲಸ ಮುಗಿದ ಮೇಲೆ ಅವರದೇ ಕೈಯಿಂದ ಅದು ಮರಳಿ ಹೋಗಬೇಕು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯ ಮೊದಲಿಗೆ, ಶಾಲೆಗೆ ರಜೆ ಬಿಡುವ ಮುಂಚೆ, ಮೊದಲೇ ಹೇಳಿದ ಆ ಕಾಲುವೆ ದಂಡೆಯ ಮನೆಯವರು ತಮ್ಮ ಟಿ.ವಿ.ಯನ್ನೂ ಸ್ಟೆಬಿಲೈಜರನ್ನೂ ಅಂಗಡಿಗೆ ತಂದರು. ಗದ್ದೆ ದೊಡ್ಡದಿದ್ದ, ಮಾತು ನಡೆಯುವ ಮನೆ. ಚಿತ್ರ ಕುಣಿಯುತ್ತದೆ ಎಂಬುದು ಯಜಮಾನನ ದೂರು. ಜೊತೆಗೆ ಬಂದಿದ್ದ ಅವನ ತಾಯಿಯ ದೂರು ಬೇರೆ: “ಆ ಡಬ್ಬಿ ಮುಟ್ಟಿದ್ರ ಕೈತುಂಬ ಇರಿವಿ ಹರದಾಡಿದಂಗ ಆಕ್ಕತಿ ನೋಡಪಾ.” ನಮ್ಮವರು ಸೆಟ್ಟನ್ನು ರಿಪೇರಿ ಮಾಡಿ, ಹೊರಗೆ ಕೈಗೆ ಸಿಗುವ ಒಂದೊಂದು ಸ್ಕ್ರೂವಿಗೂ ಟೆಸ್ಟರ್ ಮುಟ್ಟಿಸಿ, ಪ್ಲಗ್ಗನ್ನು ತಿರುವಿ ಹಾಕಿ ಮತ್ತೊಮ್ಮೆ ಮುಟ್ಟಿಸಿ, ಮುಚ್ಚಳ ಬಿಗಿದರು. ಅದು ಅಂಗಡಿಯಿಂದ ಮನೆಗೆ ತಂದು ನಮ್ಮ ಕಟ್ಟೆಯ ಮೇಲೆ ಮಾಡಿದ ಕೆಲಸ, ನಾನು ನೋಡಿದ್ದೇನೆ. “ಸೆಟ್ಟಿನಾಗ ಏನೂ ಇಲ್ಲ. ಮುದುಕಿ ಹೇಳಿದ್ದು ಖರೆ ಇದ್ರ ತಪ್ಪು ಅವರ ಗ್ವಾಡ್ಯಾಗ ಐತಿ” ಎಂದು ಹೇಳಿ, ಮರುದಿನ ಸೆಟ್ಟು ಹೇರಿಕೊಂಡು ಹೋದರು.

ಮಧ್ಯಾಹ್ನ ಶಾಲೆಯ ಬಾಗಿಲಿಗೆ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಬಂದು ನಿಂತ. “ಅಕ್ಕೋರ, ಲಗೂ ಬರ್ರಿ. ನಿಮ್ಮ ಮನ್ಯಾವರಿಗೆ ಕರೆಂಟ್ ಹೊಡದೈತಿ. ಜೀವ ಐತಿ, ಅಂಜಬ್ಯಾಡ್ರಿ.” ಟ್ರೇಲರಿನಲ್ಲಿ ಹುಲ್ಲಿನ ಮೇಲೆ ಅವರನ್ನು ಮಲಗಿಸಿದ್ದರು. ಆ ಮನೆಯವರು ಒಬ್ಬರೂ ಜೊತೆಗೆ ಬಂದಿರಲಿಲ್ಲ. ಇದನ್ನು ನಾನು ಮೊದಲು ಗಮನಿಸಿದೆನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಲಿಂಗಸುಗೂರಿನ ದವಾಖಾನೆಯಲ್ಲಿ ಡಾಕ್ಟರರು ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಬಿಡಿಸಿ ನೋಡಿ, “ಎಡಗೈಯಲ್ಲಿ ಏನನ್ನೂ ಹಿಡಿದಿರಲಿಲ್ಲವೇನಮ್ಮ?” ಎಂದು ಕೇಳಿದರು. ಹಿಡಿಯುವುದಿಲ್ಲ, ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ ಎಂದೆ. “ಅದಕ್ಕೇ ಉಳಿದಿದ್ದಾರೆ. ಎರಡೂ ಕೈ ಹಿಡಿದಿದ್ದರೆ ಎದೆಯೊಳಗಿಂದ ಹಾಯುತ್ತಿತ್ತು” ಎಂದರು. ಹಿಂದಕ್ಕೆ ಎಸೆಯಲ್ಪಟ್ಟಾಗ ತಲೆ ಹೊಸ್ತಿಲಿಗೆ ಬಡಿದಿತ್ತು. ಪಟ್ಟಿ ಕಟ್ಟುತ್ತಿದ್ದವನು ನನ್ನತ್ತ ತಿರುಗಿ, “ಕುಡ್ದಿದ್ರೇನ್ರಿ?” ಎಂದು ಕೇಳಿದ. ಅವರು ಚಹಾ ಬಿಟ್ಟರೆ ಬೇರೇನನ್ನೂ ಕುಡಿದವರಲ್ಲ. ಅವನ ಮುಖವನ್ನು ಇಂದಿಗೂ ಕಣ್ಣಮುಂದೆ ತಂದುಕೊಳ್ಳಬಲ್ಲೆ.

ಹೊರಗೆ ಬೇವಿನ ಮರದ ಕೆಳಗೆ ಟ್ರ್ಯಾಕ್ಟರಿನವನು ಕಾಯುತ್ತಿದ್ದ. ಪಾಪದವನು, ತನಗೆ ಹೇಳಿದ್ದನ್ನೇ ಹೇಳಿದ.

“ಟಿ.ವಿ. ಒಳಗ ಕರೆಂಟ್ ಕುಂತಿರ್ತೈತಂತಲ್ಲ ಅಕ್ಕೋರ, ಅದನ್ನ ಬಿಡಸಲಾರದ ಕೈ ಇಟ್ಟಾರಂತ. ಆವಾಗ ಊರಾಗ ಕರೆಂಟ ಇರಲಿಲ್ಲ, ಮತ್ತ್ಯಾವುದು ಹೊಡೀಬೇಕು? ನಾ ಹೋದಾಗ ಹಿಂದಿನ ಮುಚ್ಚಳ ತಗದಿತ್ತು. ಸ್ಕ್ರೂ ನೆಲದ ತುಂಬ ಚೆಲ್ಲ್ಯಾಡಿದ್ವು. ಒಂದು ನನ್ನ ಕಾಲಿಗೇ ಚುಚ್ಚಿತು.”

“ನೆಲದ ಮ್ಯಾಲ?” ಎಂದೆ.

“ಹೂನ್ರಿ, ನೆಲದ ಮ್ಯಾಲ.”

ಅವನು ಅವರ ಚೀಲವನ್ನೂ ತಂದಿದ್ದ. ಅದರೊಳಗೆ ಅಯಸ್ಕಾಂತ ಬರಿದಾಗಿ ಬಿದ್ದಿತ್ತು. ದವಾಖಾನೆಯವರು ಬಟ್ಟೆ ಬದಲಿಸಿ ನನ್ನ ಕೈಗೆ ಕೊಟ್ಟ ಅವರ ಅಂಗಿಯ ಕಿಸೆಯಲ್ಲಿ ಏನೋ ಭಾರವಿತ್ತು. ತೆಗೆದು ನೋಡಿದೆ: ಬಿಳಿಯ ಪಿಂಗಾಣಿ ಫ್ಯೂಸು, ಆಯುಧಪೂಜೆಗೆ ಇಟ್ಟ ಕುಂಕುಮದ ಬೊಟ್ಟು ಅದರ ಮೇಲೆ ಇನ್ನೂ ಇತ್ತು.

ಆ ಕ್ಷಣಕ್ಕೆ ಅದರ ಅರ್ಥ ನನಗೆ ಹೊಳೆಯಲಿಲ್ಲ. ಹೊಳೆದದ್ದು ಅವರ ಮಂಚದ ಪಕ್ಕ ಕೂತು ಬೀಸಣಿಕೆ ಬೀಸುತ್ತಿದ್ದಾಗ. ಟಿ.ವಿ.ಯೊಳಗೆ ಕೈ ಹಾಕುವವರು ಅದರ ಪ್ಲಗ್ಗು ಕೀಳುತ್ತಾರೆ, ಮನೆಯ ಫ್ಯೂಸನ್ನಲ್ಲ. ಫ್ಯೂಸು ಕಿಸೆಯಲ್ಲಿದೆ ಎಂದರೆ ಅವರು ಬಿಚ್ಚಿದ್ದು ಗೋಡೆಯ ಬೋರ್ಡು. ಮುಚ್ಚಳ ಬಿಗಿದು ಒಯ್ದ ಟಿ.ವಿ.ಯನ್ನು ಬಿಚ್ಚಿ, ಸ್ಕ್ರೂಗಳನ್ನು ನೆಲಕ್ಕೆ ಚೆಲ್ಲಿದ್ದು ಅವರ ಕೈಯಲ್ಲ. ಯಾರೋ ಬೋರ್ಡನ್ನು ಗೋಡೆಗೆ ಮರಳಿ ಕೂರಿಸಿ, ಟಿ.ವಿ.ಯನ್ನು ತೆರೆದಿಟ್ಟು, ಆಮೇಲೆ ಟ್ರ್ಯಾಕ್ಟರಿಗೆ ಹೇಳಿಕಳಿಸಿದ್ದರು.

ಎಚ್ಚರ ಬಂದ ಮೇಲೆ ಅವರಿಗೆ ಆ ಊರಿನ ಬಸ್ಸಿಳಿದದ್ದರವರೆಗೆ ನೆನಪಿತ್ತು. ಅಲ್ಲಿಂದಾಚೆಗೆ ಏನೂ ಇಲ್ಲ.

ಮಸ್ಕಿಗೆ ಮರಳುವಷ್ಟರಲ್ಲಿ ಮಾತು ನಮಗಿಂತ ಮುಂಚೆ ಬಂದು ಪೇಟೆಯಲ್ಲಿ ಕೂತಿತ್ತು. “ಮಂದಿಗೆ ಪಾಠ ಹೇಳಾಂವ, ತಾನ ಮರತ” ಎಂದ ಅರಿವೆ ಅಂಗಡಿಯವನ ರೇಡಿಯೋವನ್ನು ನಮ್ಮವರು ಅದೆಷ್ಟು ಸಲ ರಿಪೇರಿ ಮಾಡಿಕೊಟ್ಟಿದ್ದರೋ. ಶಾಲೆಯಲ್ಲಿ ಒಬ್ಬ ಸಹೋದ್ಯೋಗಿ, ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ತಿಳಿದೂ, “ಬಾಳ ಶ್ಯಾಣ್ಯಾ ಆದ್ರ ಹಿಂಗ” ಎಂದರು. ನೋಡಲು ಬಂದವರೆಲ್ಲ ಅವರ ಎದುರಿಗೇ ಕೂತು, ಟಿ.ವಿ.ಯೊಳಗೆ ಕರೆಂಟು ಹೇಗೆ ಕೂತಿರುತ್ತದೆಂದು ಅವರಿಗೇ ತಿಳಿಸಿ ಹೋದರು. ಅವರು ಕೇಳುತ್ತ ಕೇಳುತ್ತ, ಬಂದವರು ಹೋದ ಮೇಲೆ ಗೋಡೆಯ ಕಡೆ ನೋಡುತ್ತ, “ನಾನ ಮರತಿರಬೇಕು ಬಿಡು” ಎನ್ನಲು ಶುರುಮಾಡಿದರು.

ಕೆಲದಿನಗಳ ಮೇಲೆ ಆ ಮನೆಯಿಂದ ಒಂದು ಚೀಲ ಸಣ್ಣಕ್ಕಿ ಬಂತು. ತಂದವನು ಅದೇ ಟ್ರ್ಯಾಕ್ಟರಿನವನು. “ಸಾವುಕಾರ್ರು ಕೊಟ್ಟಾರ್ರಿ, ಗಂಜಿಗೆ ಆಕ್ಕತಿ ಅಂತ.” ಗಂಜಿಗೆ! ಅದೇ ಟ್ರ್ಯಾಕ್ಟರಿಗೆ ಅದನ್ನು ಹೇರಿಸಿ ಕಳಿಸಿದೆ. ಮುಂದಿನ ರಜೆಯ ದಿನ ಫ್ಯೂಸನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಳಗಾನೂರಿನ ಬಸ್ಸು ಹತ್ತಿ, ಅಲ್ಲಿಂದ ಆ ಊರಿಗೆ ಹೋದೆ.

ಪಡಸಾಲೆಯಲ್ಲಿ ಯಜಮಾನ, ಅವನ ತಮ್ಮ, ತಾಯಿ ಇದ್ದರು. ಕುರ್ಚಿಗಳಿದ್ದವು, ನನಗೆ ಚಾಪೆ ಹಾಸಿದರು. ನೀರು ಕೊಟ್ಟರು, ಚಹಾ ಕೇಳಲಿಲ್ಲ. ಗೋಡೆಯ ಮೇಲೆ, ಮೀಟರಿನ ಕೆಳಗೆ ಎರಡು ಫ್ಯೂಸುಗಳು. ಒಂದರ ಮೇಲೆ ಕುಂಕುಮ. ಇನ್ನೊಂದು ಹೊಚ್ಚ ಹೊಸದು, ಹಾಲಿನಷ್ಟು ಬೆಳ್ಳಗೆ.

“ಅಕ್ಕೋರ, ಆದದ್ದು ಆಗಿಹೋತು. ಕೆಟ್ಟ ಗಳಿಗಿ” ಎಂದ ಯಜಮಾನ. “ನಾವರೆ ಏನ್ ಮಾಡಾಕ ಬರತಿತ್ತು? ಟಿ.ವಿ. ಒಳಗ ಕುಂತ ಕರೆಂಟ್—”

“ಅವರು ಬೋರ್ಡ್ ಬಿಚ್ಚಿದ್ರು” ಎಂದೆ.

“ಬೋರ್ಡ್ ಯಾರೂ ಮುಟ್ಟಿಲ್ರಿ. ಅಲ್ಲೇ ಐತಿ ನೋಡ್ರಿ ಬೇಕಾರ” ಎಂದ ತಮ್ಮ.

ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಊರ ಕರೆಂಟು ಹೋಯಿತು. ಬೀದಿಯ ಆಚೆ ಹಿಟ್ಟಿನ ಗಿರಣಿಯ ಸದ್ದು ಅಡಗಿತು. ಸ್ವಲ್ಪ ಹೊತ್ತಿಗೆ ದೂರದ ಕಾಲುವೆ ದಂಡೆಯಲ್ಲಿ ಮೋಟರುಗಳು ಗುಂಯ್ ಎಂದು ಎದ್ದವು. ಒಳಕೋಣೆಯಲ್ಲಿ, ಅಡುಗೆಮನೆಯ ಕಡೆ ಹೋಗುತ್ತಿದ್ದ ಸೊಸೆಯೊಬ್ಬಳ ಬಳೆಯ ಸದ್ದು. ಅದರ ಹಿಂದೆಯೇ ಟಕ್ ಎಂದು ಒಂದು ಸ್ವಿಚ್ಚು.

ನಮ್ಮ ತಲೆಯ ಮೇಲೆ ಫ್ಯಾನು ಮತ್ತೆ ತಿರುಗತೊಡಗಿತು.

ನಾನು ಫ್ಯಾನನ್ನು ನೋಡಿದೆ. ಅವರೂ ನೋಡಿದರು.

“ಅದು... ಬ್ಯಾಟ್ರೀದು” ಎಂದ ಯಜಮಾನ.

“ಬ್ಯಾಟ್ರಿಗೆ ಇಂಥ ಫ್ಯಾನ್ ತಿರಗತೈತಂತ ನಮ್ಮವರು ನನಗ ಹೇಳಿಕೊಟ್ಟಿಲ್ರಿ” ಎಂದು ಸೆರಗಿನ ಗಂಟು ಬಿಚ್ಚಿ ಫ್ಯೂಸನ್ನು ಚಾಪೆಯ ಮೇಲಿಟ್ಟೆ. “ಇದರ ಜೋಡಿ ನಿಮ್ಮ ಗ್ವಾಡಿ ಮ್ಯಾಲ ಐತಿ. ಇದು ಅವರ ಕಿಸೇದಾಗಿತ್ತು.”

ಮುದುಕಿ ಫ್ಯೂಸನ್ನು ನೋಡಿ, ಬಾಯಿಗೆ ಸೆರಗು ಹಿಡಿದುಕೊಂಡು, “ಕೇಳಿದ್ದ ನೋಡವ್ವಾ ಆತ, ಬರತಿದ್ದಂಗನ ಕೇಳಿದ್ದ. ಮತ್ತೊಂದು ಕರೆಂಟ್—”

“ಯವ್ವಾ! ಸುಮ್ನ ಒಳಗ ನಡಿ” ಎಂದ ಯಜಮಾನ. ಮುದುಕಿ ಎದ್ದು ಹೋದಳು. ಆ ಮನೆಯಲ್ಲಿ ನನಗೆ ಸಿಕ್ಕ ಸತ್ಯ ಅಷ್ಟೇ, ಅದೂ ಅರ್ಧ.

ನಾನು ಪೊಲೀಸರ ಮಾತೆತ್ತಲಿಲ್ಲ. ಕದ್ದ ಕರೆಂಟಿನ ಮಾತೂ ಆಡಲಿಲ್ಲ. ಕೇಳಿದ್ದು ಒಂದೇ. “ಯಾರರೆ ಒಬ್ಬರು ಮಸ್ಕಿಗೆ ಬಂದು ಅವರ ಮುಂದ ಇದ್ದದ್ದು ಇದ್ದಂಗ ಹೇಳ್ರಿ. ‘ನೀವು ಕೇಳಿದ್ರಿ, ನಾವು ಇಲ್ಲ ಅಂದಿವಿ’ ಅಂತ. ನನಗ ಮತ್ತೇನೂ ಬ್ಯಾಡ.” ಯಜಮಾನ ತನ್ನ ಕಾಲುಬೆರಳನ್ನು ನೋಡಿಕೊಂಡು, “ಬರ್ತೀವಿ ಬಿಡ್ರಿ” ಎಂದ. ಬಾಗಿಲವರೆಗೆ ಯಾರೂ ಬರಲಿಲ್ಲ.

ಆ ಸಂಜೆ ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಫ್ಯೂಸನ್ನು ಅವರ ಅಂಗೈಯಲ್ಲಿಟ್ಟೆ. ಕರೆಂಟು ತಗುಲಿ ಸ್ಪರ್ಶ ಸತ್ತಿದ್ದ ಬೆರಳುಗಳಿಂದ ಅದನ್ನು ಹೊರಳಿಸಿ ಹೊರಳಿಸಿ ನೋಡಿದರು.

“ಫ್ಯೂಸ್ ತಗದಿದ್ದು ಖರೆ ಇರಬೇಕು” ಎಂದರು. “ಆದ್ರ ಕೇಳಿದ್ನೋ ಇಲ್ಲೋ?”

“ಮುದುಕಿ ಬಾಯಿಲೆ ಹೇಳ್ಯಾಳ್ರಿ, ನಾ ಕೇಳೀನಿ.”

“ನಿನಗ ಹೇಳ್ಯಾಳ. ನಾ ಕೊರಗತೀನಂತ ನೀ ನನಗ ಒಂದು ಮಾತು ಹೆಚ್ಚಿಗಿ ಹೇಳಾಕಿ.” ಆಮೇಲೆ ಸಣ್ಣ ದನಿಯಲ್ಲಿ, “ಬರ್ತೀವಿ ಅಂದಾರಂದೆಲ್ಲ. ಬರಲಿ. ಅವರ ಬಾಯಿಲೆ ಕೇಳೂಣು” ಎಂದರು.

ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸಿದವಳ ಮಾತಿಗೆ ಸ್ವಂತ ಮನೆಯಲ್ಲಿ ಬೆಲೆ ಇಲ್ಲದಂತೆ ಮಾಡಿದವರು, ಆ ಮನೆಯ ಅಣ್ಣತಮ್ಮಂದಿರೇ, ನೀವು. ಇದನ್ನೂ ನಿಮ್ಮ ಲೆಕ್ಕಕ್ಕೇ ಬರೆದಿಟ್ಟಿದ್ದೇನೆ.

ಅವರು ಕಾದರು. ಅಂಗಡಿಯ ಮುಂದೆ ಸಿಂಧನೂರಿನ ಕಡೆಯಿಂದ ಬಸ್ಸು ಬಂದು ನಿಂತಾಗಲೆಲ್ಲ ತಲೆಯೆತ್ತಿ, ಇಳಿಯುವವರನ್ನು ಕೊನೆಯವರೆಗೆ ನೋಡುತ್ತಿದ್ದರು. ಮತ್ತೊಮ್ಮೆ ನಾನು ಆ ಊರಿಗೆ ಹೋದೆ. ಬಾಗಿಲು ತೆರೆದಿತ್ತು, ಒಳಗಿಂದ “ಯಾರೂ ಮನ್ಯಾಗಿಲ್ಲ” ಎಂಬ ಗಂಡು ದನಿ ಬಂತು. ಮನೆಯಲ್ಲಿದ್ದುಕೊಂಡೇ ಇಲ್ಲ ಎನ್ನುವುದು ಆ ಮನೆಗೆ ಹೊಸದಲ್ಲವೆಂದುಕೊಂಡು ಹಿಂದಿರುಗಿದೆ.

ಗಿರಾಕಿಗಳು ಕಡಿಮೆಯಾದರು, ಅದಕ್ಕೆ ನನಗೆ ಅಷ್ಟು ವ್ಯಥೆಯಿಲ್ಲ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದ ಸಿಂಧನೂರಿನ ಆರ್.ಎಚ್. ಕ್ಯಾಂಪಿನ ಒಬ್ಬ ಬಂಗಾಲಿ ರೈತ ಮಾತ್ರ ಮೊದಲಿನಂತೆಯೇ ತನ್ನ ಹೆಗಲ ವಸ್ತ್ರ ಗಮಚದಲ್ಲಿ ರೇಡಿಯೋ ಸುತ್ತಿಕೊಂಡು ಬಂದ. ತನ್ನ ಭಾಷೆಯ ಸ್ಟೇಷನ್ನು ಹಿಡಿಯಲು ಹಠ ಹಿಡಿದು ಇಟ್ಟುಕೊಂಡಿದ್ದ ಹಳೆಯ ರೇಡಿಯೋ. “ದಾದಾ, ಬೇರೆ ಹತ್ರ ಕೊಡಲ್ಲ. ನೀವೇ ನೋಡಿ” ಎಂದ. ನಮ್ಮವರು ಅದನ್ನು ಎದುರಿಗಿಟ್ಟುಕೊಂಡು ಪ್ಲಗ್ಗು ಕಿತ್ತರು. ಟೆಸ್ಟರ್ ಮುಟ್ಟಿಸಿದರು. ಟೆಸ್ಟರನ್ನೇ ಪರೀಕ್ಷಿಸಿದರು, ಮತ್ತೆ ಮುಟ್ಟಿಸಿದರು. ಕಿತ್ತ ಪ್ಲಗ್ಗು ಕಣ್ಣೆದುರು ಬಿದ್ದಿದ್ದರೂ ಅದನ್ನು ಎತ್ತಿ ನೋಡಿ, ಕೆಳಗಿಟ್ಟು, ಮತ್ತೆ ಎತ್ತಿ ನೋಡಿದರು. ಕೊನೆಗೆ ಮುಚ್ಚಳವನ್ನು ಬಿಚ್ಚದೆಯೇ ರೇಡಿಯೋವನ್ನು ಅದೇ ಗಮಚದಲ್ಲಿ ಸುತ್ತಿ ಕೈಗಿತ್ತು, “ನನ್ನ ಕೈ ಮ್ಯಾಲ ನನಗ ಭರವಸಾ ಇಲ್ಲಪಾ” ಎಂದರು. ಅಂದು ಹಾಕಿದ ಅಂಗಡಿಯ ಕದವನ್ನು ಮುಂದೆ ತೆರೆದದ್ದು ಸಾಮಾನು ಸಾಗಿಸಲು ಮಾತ್ರ.

ಆಮೇಲಿನ ವರ್ಷಗಳು ಬೇಗ ಕಳೆಯಲಿಲ್ಲ. ಮನೆಯಲ್ಲಿ ದೀಪ ಹಾಕುವ ಮೊದಲೂ ಸ್ವಿಚ್ಚಿನ ಎದುರು ನಿಂತು ಯೋಚಿಸುತ್ತಿದ್ದರು. ನಾನು ಇಸ್ತ್ರಿ ಪೆಟ್ಟಿಗೆ ಹಿಡಿದರೆ ಬಾಗಿಲಲ್ಲಿ ಬಂದು ನಿಂತು, “ನೋಡಿದೇನು? ಚಂದಂಗ ನೋಡಿದೇನು?” ಎನ್ನುತ್ತಿದ್ದರು. ಮಸ್ಕಿಯಲ್ಲಿ ಬಣ್ಣದ ಟಿ.ವಿ. ಬಂತು, ಕೇಬಲ್ ಬಂತು. ನಮ್ಮ ಮನೆಗೆ ಯಾವುದೂ ಬರಲಿಲ್ಲ. ತೊಂಬತ್ತರ ದಶಕ ಮುಗಿಯುವ ಮುಂಚೆ, ಸಾಮಾನ್ಯ ಜ್ವರವೆಂದು ಮಲಗಿದವರು ಏಳಲಿಲ್ಲ. ಹೋಗುವ ಮುಂಚಿನ ದಿನ ನನ್ನನ್ನು ಹತ್ತಿರ ಕರೆದು, “ಅವರು ಬಂದಿದ್ರೇನು?” ಎಂದು ಕೇಳಿದರು. ಬಂದಿದ್ದರು ಎಂದು ಹೇಳಿಬಿಡಬಹುದಿತ್ತು. ಹೆಚ್ಚಿಗೆ ಹೇಳುವವಳೆಂಬ ಅವರ ಮಾತು ನನ್ನ ನಾಲಗೆಯನ್ನು ಹಿಡಿಯಿತು. ಇಲ್ಲ ಎಂದೆ.

ಫ್ಯೂಸು ಈಗಲೂ ನನ್ನ ಬಳಿ ಇದೆ. ಕುಂಕುಮ ಮಾಸಿದೆ, ಒಳಗಿನ ತಂತಿ ತುಂಡಾಗಿಲ್ಲ. ನಿಮ್ಮ ಮನೆಯ ಮುದುಕಿ ತೀರಿಕೊಂಡಳೆಂದು ಕೇಳಿದ್ದೇನೆ. ನೀವಿಬ್ಬರು ಅಣ್ಣತಮ್ಮಂದಿರು ಇದ್ದೀರಿ. ಸ್ವಿಚ್ಚು ಒತ್ತಿದ ಕೈ ಯಾರದೆಂದು ನಾನು ಕೇಳುವುದಿಲ್ಲ. ಅದು ರೂಢಿಯ ಕೈ, ತಾನೇನು ಮಾಡಿತೆಂದು ಅದಕ್ಕೆ ಗೊತ್ತಿರಲಿಲ್ಲ. “ಇಲ್ಲ” ಎಂದ ಬಾಯಿ ಯಾವುದೆಂದೂ ಈಗ ಕೇಳುವುದಿಲ್ಲ. ಹೆದರಿದ ಬಾಯಿ ಹಾಗೆನ್ನುತ್ತದೆ. ಆದರೆ ಅದಾದ ಮೇಲೆ ನೀವು ಮಾಡಿದ ಕೆಲಸ ಕಣ್ಣಿದ್ದ ಕೆಲಸ. ಹೊಸ್ತಿಲಿಗೆ ತಲೆ ಒಡೆದುಕೊಂಡು ಅವರು ನಿಮ್ಮ ಪಡಸಾಲೆಯಲ್ಲಿ ಬಿದ್ದಿದ್ದಾಗ, ಉಸಿರಿದೆಯೋ ಇಲ್ಲವೋ ಎಂದು ತಿಳಿಯುವ ಮುಂಚೆಯೇ, ನೀವು ಮೊದಲು ಎತ್ತಿಕೊಂಡದ್ದು ಅವರನ್ನೋ, ಅವರ ಸ್ಕ್ರೂಡ್ರೈವರನ್ನೋ?